ನಾಲ್ಕು ಚಕ್ರದ ಪುಟ್ಟ ನ್ಯಾರೋಗೇಜ್ ಎಂಜಿನ್‌ಗೆ ಡಿಕೋಡರ್: ಜಾಗ, ಕೆಪಾಸಿಟರ್, ಸಿವಿ ಓದದ ತೊಂದರೆ

ನಂದಿಹಾಲ್ಟ್_762 (ಚಿಕ್ಕಬಳ್ಳಾಪುರ)
ಎಲ್ಲರಿಗೂ ನಮಸ್ಕಾರ. ಹಳೇ ಯಲಹಂಕ–ಚಿಕ್ಕಬಳ್ಳಾಪುರ ನ್ಯಾರೋಗೇಜ್ ಕಾಲದ ನಂದಿ ಹಾಲ್ಟ್ ಸ್ಟೇಷನ್ನಿನ ಮಾಡೆಲ್, 1:87 ಅಳತೆ. 762 ಮಿ.ಮೀ.ಯನ್ನು 87ರಿಂದ ಭಾಗಿಸಿದರೆ 8.76, ಹಾಗಾಗಿ ಎನ್ ಗೇಜಿನ 9 ಮಿ.ಮೀ. ಹಳಿಯೇ ಹೊಂದುತ್ತೆ. ಎಂಜಿನ್‌ಗೆ ಕಾಟೋ ನಾಲ್ಕು ಚಕ್ರದ ಚಾಸಿ, ಕೋರ್‌ಲೆಸ್ (ಕಬ್ಬಿಣದ ತಿರುಳಿಲ್ಲದ) ಮೋಟಾರು, ಮೇಲೆ 3ಡಿ ಪ್ರಿಂಟ್ ಬಾಡಿ. ಒಳಗೆ ಉದ್ದ 31, ಅಗಲ 13 ಮಿ.ಮೀ.; ಮೋಟಾರಿನ ಮೇಲೆ ಉಳಿಯೋದು ಬರೀ 4 ಮಿ.ಮೀ. ಡಿಕೋಡರ್ (ಹಳಿಯಲ್ಲಿ ಬರೋ ಡಿಜಿಟಲ್ ಆದೇಶ ಓದಿ ಮೋಟಾರ್ ಓಡಿಸೋ ಚಿಕ್ಕ ಬೋರ್ಡು) ಜಿಮೋ ಎಂಎಕ್ಸ್616 (8 × 8 × 2.4 ಮಿ.ಮೀ.). ಕಂಟ್ರೋಲ್‌ಗೆ ಆರ್ಡುಯಿನೋ ಮೆಗಾ ಬೋರ್ಡಿನ ಮೇಲೆ ಡಿಸಿಸಿ-ಇಎಕ್ಸ್ (ಆ ಆದೇಶ ಕಳಿಸೋ ಸಾಫ್ಟ್‌ವೇರ್).

ಡಿಕೋಡರ್ ಮೋಟಾರಿನ ಮೇಲೇ ಕೂರಿಸಬಹುದಾ? ಪಾಯಿಂಟ್ (ಹಳಿ ಕವಲೊಡೆಯೋ ಜಾಗ) ದಾಟುವಾಗ ನಿಲ್ಲದಿರಲು ಎಷ್ಟು ಮೈಕ್ರೋಫ್ಯಾರಡ್ ಕೆಪಾಸಿಟರ್ ಬೇಕು? ಇನ್ನೊಂದು, ಡಿಕೋಡರ್ ಹೊರಗಿಟ್ಟು ಮೋಟಾರಿಗೆ ಜೋಡಿಸಿ ನೋಡಿದರೆ ಓಡುತ್ತೆ, ಆದರೆ ಸಿವಿ (ಡಿಕೋಡರಿನಲ್ಲಿ ಉಳಿಸಿರೋ ಸೆಟ್ಟಿಂಗ್ ಅಂಕಿ) ಓದೋಕೆ ಹೋದರೆ ಪ್ರತಿ ಸಲ −1 ಅಂತಲೇ ಬರುತ್ತೆ.

ಬೆಸುಗೆ_ಕೋಲಾರ
ಮೋಟಾರಿನ ಮೇಲೆ ಕೂರಿಸಿ, ತೊಂದರೆ ಇಲ್ಲ. ಆದರೆ ಹೀಟ್ ಶ್ರಿಂಕ್ ಸುತ್ತಬೇಡಿ, ಬಿಸಿ ಒಳಗೇ ನಿಲ್ಲುತ್ತೆ. ತಳಕ್ಕೆ ಒಂದು ಪದರ ಕ್ಯಾಪ್ಟಾನ್ ಟೇಪ್ (ಬಿಸಿ ತಡೆಯೋ ಇನ್ಸುಲೇಷನ್ ಟೇಪ್) ಸಾಕು, ಮೇಲ್ಭಾಗ ಗಾಳಿಗೆ ಬಿಡಿ.

ಅದಕ್ಕಿಂತ ಮುಂಚೆ ಮೋಟಾರಿನ ಎರಡೂ ಟರ್ಮಿನಲ್ ಚಾಸಿಯಿಂದ ಪೂರ್ತಿ ಬಿಡಿಸಿಕೊಂಡಿರಬೇಕು. ಸಾದಾ ಡಿಸಿ ಚಾಸಿಯಲ್ಲಿ ಚಕ್ರದಿಂದ ಬರೋ ತಾಮ್ರದ ಪಟ್ಟಿ ನೇರ ಟರ್ಮಿನಲ್‌ಗೆ ಒತ್ತಿಕೊಂಡಿರುತ್ತೆ. ಪಟ್ಟಿ ಕತ್ತರಿಸಿ, ತುದಿ ಹಿಂದಕ್ಕೆ ಮಡಚಿ, ನಡುವೆ ಕ್ಯಾಪ್ಟಾನ್ ಹಾಕಿ. ಮಲ್ಟಿಮೀಟರ್ ಬೀಪ್‌ಗಿಟ್ಟು ಎರಡೂ ಟರ್ಮಿನಲ್‌ನಿಂದ ಎಡ, ಬಲ ಚಕ್ರಕ್ಕೆ ಮುಟ್ಟಿಸಿ. ನಾಲ್ಕರಲ್ಲಿ ಒಂದು ಕಡೆಯೂ ಬೀಪ್ ಬರಕೂಡದು. ಬಾಡಿ ಮುಚ್ಚಿದ ಮೇಲೂ ಚಕ್ರದ ಕಡೆಯಿಂದ ಬರೋ ಕೆಂಪು, ಕಪ್ಪು ವೈರು ಡಿಕೋಡರಿಗೆ ಸೇರಿಸುವ ಮುಂಚೆ ಇದನ್ನೇ ಮತ್ತೊಮ್ಮೆ ನೋಡಿ, ಯಾಕಂದ್ರೆ ಬಾಡಿ ಒತ್ತಿ ಪಟ್ಟಿ ಬಾಗಿ ಮತ್ತೆ ತಾಗೋದು ಬಹಳ ಸಾಮಾನ್ಯ. ಹಳಿಯ ವೋಲ್ಟೇಜ್ ಮೋಟಾರ್ ಔಟ್‌ಪುಟ್‌ಗೆ ಒಂದು ಕ್ಷಣ ನುಗ್ಗಿದರೂ ಡಿಕೋಡರ್ ಹೋಯ್ತು.

ವೈರಿಂಗು: ಕೆಂಪು ಬಲ ಹಳಿ, ಕಪ್ಪು ಎಡ ಹಳಿ, ಕಿತ್ತಳೆ ಮತ್ತು ಬೂದು ಮೋಟಾರಿಗೆ. ಬ್ರಷ್‌ಗಳ ನಡುವೆ ಚಿಕ್ಕ ಸೆರಾಮಿಕ್ ಕೆಪಾಸಿಟರ್ ಇದ್ದರೆ ತೆಗೆದುಹಾಕಿ, ಅದಿದ್ದರೆ ನಿಧಾನಗತಿ ಸರಿಬರಲ್ಲ. ವೈರು ಹೊರ ವ್ಯಾಸ 0.5 ಮಿ.ಮೀ. ದಾಟದಿರಲಿ, ಡಿಕೋಡರಿನ ದಪ್ಪಕ್ಕಿಂತ ಅದರ ಪಕ್ಕದಲ್ಲಿ ಮಡಚಿಟ್ಟ ವೈರೇ ಜಾಸ್ತಿ ಜಾಗ ತಿನ್ನುತ್ತೆ. ಉದ್ದ ಬಿಡದೆ ಅಳೆದು ಕತ್ತರಿಸಿ. 0.5 ಮಿ.ಮೀ. ಬೆಸುಗೆ ಸೀಸ (ಸೋಲ್ಡರ್), 320 ಡಿಗ್ರಿ, ಎರಡು ಸೆಕೆಂಡಿನೊಳಗೆ ಮುಗಿಸಿ. ಫ್ಲಕ್ಸ್ ರೋಸಿನ್‌ದೇ ಆಗಬೇಕು, ತಗಡಿನ ಕೆಲಸದ ಆ್ಯಸಿಡ್ ಹತ್ತಿರ ತರಬೇಡಿ. ತೂಕದ ಲೋಹ ಅರ ಹಾಕಿ ಉಜ್ಜಬೇಕಾದರೆ ಮೊದಲು ಮೋಟಾರ್ ಬಿಚ್ಚಿ ದೂರ ಇಡಿ. ಕಬ್ಬಿಣದ ಪುಡಿ ಅದರ ಅಯಸ್ಕಾಂತಕ್ಕೆ ಅಂಟಿದರೆ ಬಿಡಿಸೋದು ಕಷ್ಟ.

ಶಿರಾಗೇಟ್_ಎನ್‌ಗೇಜ್ (ತುಮಕೂರು)
ಕೆಪಾಸಿಟರ್ ವಿಷಯ. ನಿಮ್ಮ ಬಾಡಿಯಲ್ಲಿ ಹಿಡಿಯೋದು ಹೆಚ್ಚೆಂದರೆ 220 ಮೈಕ್ರೋಫ್ಯಾರಡ್‌ನ ನಾಲ್ಕು ಟ್ಯಾಂಟಲಮ್, ಒಟ್ಟು 880. ಮೋಟಾರು 40 ಮಿಲಿಆಂಪ್ ಎಳೆಯುತ್ತೆ, ವೋಲ್ಟೇಜ್ 11ರಿಂದ 6ಕ್ಕೆ ಇಳಿಯೋವರೆಗೂ ಓಡುತ್ತೆ ಅಂತಿಟ್ಟುಕೊಂಡರೆ ಸಿಗೋದು 0.11 ಸೆಕೆಂಡ್. 1:87ರಲ್ಲಿ ಗಂಟೆಗೆ 10 ಕಿ.ಮೀ. ಅಂದ್ರೆ ಸೆಕೆಂಡಿಗೆ 32 ಮಿ.ಮೀ. ಅಲ್ಲಿಗೆ ಎಂಜಿನ್ ದಾಟೋದು ಮೂರೂವರೆ ಮಿ.ಮೀ. ಅಷ್ಟೇ! ಧೂಳಿನ ಕಣಕ್ಕೆ ಸಾಕು, ಪ್ಲಾಸ್ಟಿಕ್ ಫ್ರಾಗ್‌ಗೆ (ಪಾಯಿಂಟಿನಲ್ಲಿ ಹಳಿಗಳು ಕೂಡೋ, ಕರೆಂಟಿಲ್ಲದ ತುಂಡು) ಖಂಡಿತ ಸಾಲದು. ಹಾಗಾಗಿ ಮೊದಲು ಫ್ರಾಗ್‌ಗೆ ಕರೆಂಟ್ ಕೊಡಿ, ಇಲ್ಲವೇ ಹಿಂದೆ ಕಾಯಂ ಜೋಡಿಸಿದ ಒಂದು ವ್ಯಾನಿನ ಚಕ್ರಗಳಿಂದಲೂ ಕರೆಂಟ್ ತಗೊಳ್ಳಿ. ಕೆಪಾಸಿಟರ್ ಆಮೇಲೆ.

ಹಾಕೋದೇ ಆದರೆ 25 ವೋಲ್ಟಿನದ್ದು ಹಾಕಿ, 16ರದ್ದು ಬೇಡ. ಪ್ಲಸ್ ತುದಿ 100 ಓಮ್ ರೆಸಿಸ್ಟರ್ ಮೂಲಕ ಡಿಕೋಡರಿನ ನೀಲಿ (ಪ್ಲಸ್) ವೈರಿಗೆ. ರೆಸಿಸ್ಟರಿಗೆ ಸಮಾನಾಂತರವಾಗಿ ಡಯೋಡ್, ಅದರ ಗೆರೆ ನೀಲಿ ವೈರಿನ ಕಡೆಗೆ. ರೆಸಿಸ್ಟರ್ ಇಲ್ಲದಿದ್ದರೆ ಪವರ್ ಕೊಟ್ಟ ಕ್ಷಣ ಖಾಲಿ ಕೆಪಾಸಿಟರ್ ಎಳೆಯೋ ಕರೆಂಟನ್ನ ನಿಮ್ಮ ಡಿಸಿಸಿ-ಇಎಕ್ಸ್ ಶಾರ್ಟ್ ಅಂದುಕೊಂಡು ಟ್ರಿಪ್ ಆಗುತ್ತೆ. ಮೈನಸ್ ತುದಿ ಡಿಕೋಡರಿನ ಗ್ರೌಂಡ್ ಪ್ಯಾಡ್‌ಗೆ ಮಾತ್ರ. ಕಪ್ಪು ವೈರು ಗ್ರೌಂಡ್ ಅಲ್ಲ, ಅದು ಹಳಿ! ಅಲ್ಲಿ ಧ್ರುವ ಸೆಕೆಂಡಿಗೆ ಸಾವಿರಾರು ಸಲ ತಿರುಗುತ್ತೆ, ಟ್ಯಾಂಟಲಮ್ ಹೊತ್ತಿಕೊಳ್ಳುತ್ತೆ.

ಬೆಸುಗೆ_ಕೋಲಾರ
ಸಿವಿ ಓದದ್ದಕ್ಕೆ ಕಾರಣ ಮೋಟಾರು. ಡಿಕೋಡರ್ ಉತ್ತರ ಕೊಡೋದು ಸುಮಾರು 6 ಮಿಲಿಸೆಕೆಂಡ್ ಕಾಲ 60 ಮಿಲಿಆಂಪ್ ಹೆಚ್ಚಿಗೆ ಎಳೆದು ತೋರಿಸಿ, ಅದಕ್ಕೆ ಬಳಸೋದು ಮೋಟಾರನ್ನೇ. ಪುಟ್ಟ ಕೋರ್‌ಲೆಸ್ ಮೋಟಾರು ಅಷ್ಟು ಎಳೆಯಲ್ಲ. ಡಿಸಿಸಿ-ಇಎಕ್ಸ್‌ನಲ್ಲಿ ಎಸಿಕೆ ಲಿಮಿಟ್ (ಉತ್ತರ ಅಂತ ಗುರುತಿಸೋಕೆ ಬೇಕಾದ ಕನಿಷ್ಠ ಮಿಲಿಆಂಪ್) 50 ಇರುತ್ತೆ, 30ಕ್ಕೆ ಇಳಿಸಿ ನೋಡಿ. ಆಗಲೂ ಬರದಿದ್ದರೆ ಕಿತ್ತಳೆ–ಬೂದು ನಡುವೆ 100 ಓಮ್, ಅರ್ಧ ವ್ಯಾಟಿನ ರೆಸಿಸ್ಟರ್ ತಾತ್ಕಾಲಿಕವಾಗಿ ಹಿಡಿಸಿ. ಓಡಿಸುವ ಮುಂಚೆ ಮರೆಯದೆ ತೆಗೀರಿ, 12 ವೋಲ್ಟಿಗೆ ಅದರಲ್ಲಿ ಒಂದೂವರೆ ವ್ಯಾಟ್ ಹತ್ತಿರ ಬಿಸಿ ಹುಟ್ಟುತ್ತೆ. ಕೆಪಾಸಿಟರ್ ಹಾಕಿದ ಮೇಲೆ ಓದೋದು ಇನ್ನೂ ಕೆಡುತ್ತೆ, ಆದ್ದರಿಂದ ಸಿವಿ ಕೆಲಸವೆಲ್ಲ ಅದಕ್ಕೂ ಮೊದಲೇ ಮುಗಿಸಿ: ಸಿವಿ 56ಕ್ಕೆ 100 (ಕೋರ್‌ಲೆಸ್‌ಗೆ ಆರಂಭದ ಬೆಲೆ), 57ಕ್ಕೂ 100, ಅಂದ್ರೆ ಮೋಟಾರಿಗೆ 10 ವೋಲ್ಟ್ ಮಿತಿ. ಬರೆಯುವಾಗ ಉತ್ತರ ಬರದಿದ್ದರೂ ಬೆಲೆ ಕೂತಿರೋ ಸಾಧ್ಯತೆ ಜಾಸ್ತಿ, ಓಡಿಸಿ ನೋಡಿ.

ನಂದಿಹಾಲ್ಟ್_762
ಇಬ್ಬರಿಗೂ ಧನ್ಯವಾದ ಸರ್. 30ಕ್ಕೆ ಇಳಿಸಿದ್ದೇ ಡಿಕೋಡರಿನ ಅಡ್ರೆಸ್ 3 ಅಂತ ಬಂತು. ವ್ಯಾನಿನ ದಾರಿಯೇ ಸರಿ ಅನ್ನಿಸ್ತಿದೆ. ನಡುವಿನ ವೈರಿಗೆ ವೈಂಡಿಂಗ್ ಅಂಗಡಿಯ ಎನಾಮಲ್ ತಾಮ್ರ ಆಗುತ್ತಾ?

ಶಿರಾಗೇಟ್_ಎನ್‌ಗೇಜ್ (ತುಮಕೂರು)
ಬಾಡಿ ಒಳಗೆ ಆಗುತ್ತೆ, ಎರಡು ಗಾಡಿ ನಡುವೆ ಬೇಡ. ಒಂಟಿ ಎಳೆ ತಿರುವಿನಲ್ಲಿ ಮಡಚಿ ಮಡಚಿ ಬೆಸುಗೆಯ ಬುಡದಲ್ಲೇ ತುಂಡಾಗುತ್ತೆ. ಬಹು ಎಳೆಯ ಮೆತ್ತನೆ ವೈರು ತಗೊಳ್ಳಿ. ಡಿಕೋಡರ್ ಎಂಜಿನ್ನಲ್ಲೇ ಇದ್ದರೆ ಎರಡೇ ವೈರು ಸಾಕು, ಕೆಂಪು ಮತ್ತು ಕಪ್ಪು. ಕಪ್ಲಿಂಗ್ ಕೆಳಗೆ ಸ್ವಲ್ಪ ಸಡಿಲ ಬಿಡಿ. ನಿಮ್ಮ ಅತಿ ಚಿಕ್ಕ ತಿರುವಿನಲ್ಲಿ ಕೈಯಿಂದ ತಳ್ಳಿ ನೋಡಿ: ವೈರು ಬಿಗಿದು ವ್ಯಾನಿನ ಚಕ್ರ ಎತ್ತಿದರೆ ಇನ್ನೆರಡು ಮಿ.ಮೀ. ಸಡಿಲ ಬೇಕು ಅಂತರ್ಥ.