ಕೇಕಿಗೆ ಸಕ್ಕರೆ ಬದಲು ಬೆಲ್ಲ: ಮಾಡಿ ನೋಡಿದವರು ಹೇಳಿ

ಹಾಸನದಿಂದ: ಗೋಧಿ ಹಿಟ್ಟಿನ ಕೇಕ್ ಮಾಡಬೇಕು ಅಂತಿದ್ದೇನೆ. ಒಂದೂವರೆ ಕಪ್ ಹಿಟ್ಟಿಗೆ ಒಂದು ಕಪ್ ಪುಡಿ ಸಕ್ಕರೆ, ಅರ್ಧ ಕಪ್ ಬೆಣ್ಣೆ. ಮೊಟ್ಟೆ ಇಲ್ಲ, ಮೊಸರು ಮತ್ತು ಹಾಲು. ಸಕ್ಕರೆ ಬದಲು ಬೆಲ್ಲ ಹಾಕಿದರೆ ಅಳತೆ ಎಷ್ಟು? ಅತ್ತೆಗೆ ಶುಗರ್ ಇದೆ, ಅದಕ್ಕೇ ಈ ಯೋಚನೆ.

ಮೈಸೂರಿನಿಂದ: ಧಾರಾಳವಾಗಿ ಹಾಕಿ. ಆದರೆ ಕಪ್ ಲೆಕ್ಕ ಬಿಟ್ಟು ತೂಕ ಮಾಡಿ. ಒಂದು ಕಪ್ ಹರಳು ಸಕ್ಕರೆ ಸುಮಾರು 200 ಗ್ರಾಂ ಬರುತ್ತದೆ. ಅದೇ ಕಪ್ಪಿನಲ್ಲಿ ಪುಡಿ ಸಕ್ಕರೆ 120 ಗ್ರಾಂ ಆಸುಪಾಸು. ಬೆಲ್ಲದ ಪುಡಿಯಂತೂ ಒತ್ತಿ ತುಂಬಿದರೆ ಒಂದು ತೂಕ, ಸುಮ್ನೆ ಸುರಿದರೆ ಇನ್ನೊಂದು. ನಿಮಗೆ 120 ಗ್ರಾಂ ಬೆಲ್ಲ ಸಾಕು. ಸಿಹಿ ಚೂರು ಕಡಿಮೆ ಅನ್ನಿಸಬಹುದು, ಅದೇ ಚೆನ್ನ.

ನಿಜವಾದ ತೊಂದರೆ ಬೆಣ್ಣೆಯದು. ಬೆಣ್ಣೆ ಸಕ್ಕರೆ ಸೇರಿಸಿ ಬಿಳಿಚಾಗುವವರೆಗೆ ಬೀಟ್ ಮಾಡುತ್ತೇವಲ್ಲ, ಆಗ ಸಕ್ಕರೆಯ ಕಣಗಳೇ ಬೆಣ್ಣೆಯೊಳಗೆ ಗಾಳಿ ತುಂಬುವುದು. ಬೆಲ್ಲದಲ್ಲಿ ತೇವ ಇರುತ್ತದೆ, ಆ ಕೆಲಸ ಅದಕ್ಕೆ ಅಷ್ಟಾಗಿ ಬರುವುದಿಲ್ಲ. ಕೇಕ್ ಒತ್ತೊತ್ತಾಗಿ ಕೂರುತ್ತದೆ. ಹಾಗಾಗಿ ಬೆಣ್ಣೆ ಬಿಟ್ಟು ಎಣ್ಣೆ ಹಾಕಿ, ಅರ್ಧ ಕಪ್ಪಿಗಿಂತ ಸ್ವಲ್ಪ ಕಡಿಮೆ. ಉಬ್ಬಿಸುವ ಕೆಲಸ ಮೊಸರು ಮತ್ತು ಅರ್ಧ ಚಮಚ ಅಡುಗೆ ಸೋಡಾ ನೋಡಿಕೊಳ್ಳುತ್ತವೆ.

ಬೆಲ್ಲ ಕುಟ್ಟಿ, ಕಾಲು ಕಪ್ ನೀರು ಹಾಕಿ ಸಣ್ಣ ಉರಿಯಲ್ಲಿ ಇಡಿ. ಕರಗಿದ ತಕ್ಷಣ ಇಳಿಸಿ, ಪಾಕಕ್ಕೆ ಹೋಗಬಾರದು. ಟೀ ಸೋಸುವ ಜಾಲರಿಯಲ್ಲಿ ಶೋಧಿಸಿದರೆ ಮರಳು, ಕಬ್ಬಿನ ನಾರು ಎಲ್ಲ ಮೇಲೆ ನಿಲ್ಲುತ್ತವೆ. ಪೂರ್ತಿ ಆರಲಿ. ಬಿಸಿ ಬೆಲ್ಲದ ನೀರಿಗೆ ಹಾಲು ಸುರಿದರೆ ಒಡೆಯುತ್ತದೆ, ಪಾಯಸ ಮಾಡುವವರಿಗೆ ಇದು ಗೊತ್ತೇ ಇದೆ. ಹಾಕಿದ ಆ ಕಾಲು ಕಪ್ ನೀರನ್ನು ಹಾಲಿನ ಅಳತೆಯಲ್ಲಿ ಕಳೆಯಿರಿ.

ಇನ್ನೊಂದು ವಿಷಯ. ಬೆಲ್ಲದ ಕೇಕ್ ಬೇಗ ಕೆಂಪಾಗುತ್ತದೆ. ಮೇಲೆ ಬಣ್ಣ ಬಂತು ಅಂತ ತೆಗೆದರೆ ಒಳಗೆ ಹಸಿಹಸಿ. ಓವನ್ 180ರ ಬದಲು 165–170 ಡಿಗ್ರಿ ಇರಲಿ, ಸ್ವಲ್ಪ ಜಾಸ್ತಿ ಹೊತ್ತು ಬಿಡಿ. ನಡುವೆ ಕಡ್ಡಿ ಚುಚ್ಚಿ ನೋಡಿಯೇ ಇಳಿಸಿ.

ಹುಬ್ಬಳ್ಳಿಯಿಂದ: ಅಕ್ಕಾ, ಕೇಕ್ ಮಾಡ್ರಿ, ಆದರೆ ಅತ್ತೆಯವರ ಶುಗರ್‌ಗೆ ಅಂತ ಮಾಡಬೇಡ್ರಿ. ಬೆಲ್ಲದಲ್ಲೂ ಹೆಚ್ಚಿನ ಪಾಲು ಅದೇ ಸುಕ್ರೋಸ್. 100 ಗ್ರಾಂಗೆ ಕ್ಯಾಲೊರಿಯೂ ಹತ್ತಿರ ಹತ್ತಿರ ಸಕ್ಕರೆಯಷ್ಟೇ. ಬೆಲ್ಲ ಅಂತ ಇನ್ನೊಂದು ತುಂಡು ಜಾಸ್ತಿ ತಿಂದರೆ ಇನ್ನೂ ಕಷ್ಟ. ನಮ್ಮ ಮನ್ಯಾಗೂ ಇದೇ ವಾದ, ಬೆಲ್ಲ ತಂಪು, ಬೆಲ್ಲ ಒಳ್ಳೇದು ಅಂತ!

ಮಂಡ್ಯದಿಂದ: ಹಳದಿಯಾಗಿ ಹೊಳೆಯುವ ಅಚ್ಚು ತರಬೇಡಿ. ಬಣ್ಣ ತಿಳಿಯಾಗಲಿ ಅಂತ ಕೆಲವು ಆಲೆಮನೆಗಳಲ್ಲಿ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುತ್ತಾರೆ. ಕಂದು ಬಣ್ಣದ್ದು ತನ್ನಿ, ಕೇಕಿಗೆ ಘಮವೂ ಅದರದ್ದೇ ಜಾಸ್ತಿ. ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡಿ, ಉಪ್ಪುಪ್ಪು ಅನ್ನಿಸಿದರೆ ಬೇಡ.

ಶಿರಸಿಯಿಂದ: ನಮ್ಮ ಕಡೆಯ ಜೋನಿ ಬೆಲ್ಲ, ಅಂದರೆ ಗಟ್ಟಿಯಾಗದ ದ್ರವ ಬೆಲ್ಲ, ಸಿಕ್ಕಿದರೆ ಕರಗಿಸುವ ಕೆಲಸವೇ ಇಲ್ಲ. ಬಾಳೆಹಣ್ಣಿನ ಕೇಕಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಹಾಲು ಮಾತ್ರ ಕೈ ಹಿಡಿದು ಹಾಕಿ.

ನ್ಯೂಜೆರ್ಸಿಯಿಂದ: ಅಮೆರಿಕದ ರೆಸಿಪಿ ನೋಡಿ ಮಾಡುವವರಿಗೆ ಒಂದು ಮಾತು. ಇಲ್ಲಿಯ ಸಕ್ಕರೆ ಸಣ್ಣ ಹರಳು, ಊರಿನದು ದಪ್ಪ. ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ ಹಾಕಿ, ಪೂರ್ತಿ ಪುಡಿ ಬೇಡ. ಬ್ರೌನ್ ಶುಗರ್ ಅಂದರೆ ಹೆಚ್ಚಾಗಿ ಬಿಳಿ ಸಕ್ಕರೆಗೆ ಕಾಕಂಬಿ ಬೆರೆಸಿದ್ದು. ಅದರ ಜಾಗಕ್ಕೆ ಬೆಲ್ಲದ ಪುಡಿ ಅದೇ ತೂಕಕ್ಕೆ ಹಾಕಿದರೆ ನಡೆಯುತ್ತದೆ.

ಹಾಸನದಿಂದ: ಎಲ್ಲರಿಗೂ ಥ್ಯಾಂಕ್ಸ್. ಎಣ್ಣೆಯಲ್ಲೇ ಮಾಡುತ್ತೇನೆ, ಅತ್ತೆಗೆ ಒಂದು ತೆಳು ತುಂಡು ಅಷ್ಟೇ. ನಾನ್‌ಖಟಾಯಿಗೂ ಬೆಲ್ಲ ಆಗುತ್ತಾ?

ಮೈಸೂರಿನಿಂದ: ಅದಕ್ಕೆ ಪುಡಿ ಸಕ್ಕರೆಯೇ ಇರಲಿ. ಬೆಲ್ಲ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಡಬ್ಬಿಯಲ್ಲಿಟ್ಟರೂ ಮಾರನೇ ದಿನಕ್ಕೆ ಮೆತ್ತಗಾಗಿರುತ್ತದೆ.