ಪದಚರ್ಚೆ: ‘ನೆಟ್ ಇಲ್ಲ’ ಅಂದರೆ ಯಾವುದು ಇಲ್ಲ?

ಪ್ರಶ್ನೆ

ಒಂದು ರೌಟರ್, ಮೂರು-ನಾಲ್ಕು ಕಂಪ್ಯೂಟರ್ ಇರುವ ಮನೆಗಳಿಗಾಗಿ ವೈಫೈ ತೊಂದರೆ ಸರಿಪಡಿಸಿಕೊಳ್ಳುವ ಕೈಪಿಡಿಯ ಕರಡು ತಯಾರಾಗಿದೆ. ಅದರಲ್ಲಿ ‘ಸಂಪರ್ಕ ಕಡಿತ’ ಎಂಬ ಒಂದೇ ಮಾತು ಹತ್ತಾರು ಕಡೆ ಬಂದಿದೆ, ಒಂದೊಂದು ಕಡೆ ಒಂದೊಂದು ಅರ್ಥಕ್ಕೆ. ‘ಲೀಸ್’ಗೆ ‘ಗುತ್ತಿಗೆ’, ‘ಇಂಟರ್‌ಫಿಯರೆನ್ಸ್’ಗೆ ‘ಹಸ್ತಕ್ಷೇಪ’, ‘ವೈರ್‌ಲೆಸ್’ಗೆ ‘ನಿಸ್ತಂತು’ ಎಂದು ಹಾಕಿದೆ. ಓದುವವರಿಗೆ ಇವು ದಾರಿ ತೋರಿಸುತ್ತವೆಯೇ, ತಪ್ಪಿಸುತ್ತವೆಯೇ? ಬಲ್ಲವರು ತಿಳಿಸಿ.

ಉತ್ತರ 1

‘ಸಂಪರ್ಕ ಕಡಿತ’ವನ್ನು ಮೊದಲು ಕೈಬಿಡಿ. ಬಾಯಿಮಾತಿನ ‘ನೆಟ್ ಇಲ್ಲ’ ಎಷ್ಟು ಮಬ್ಬೋ ಅದೂ ಅಷ್ಟೇ ಮಬ್ಬು. ಸಂಸ್ಕೃತದ ಅಂಗಿ ತೊಟ್ಟಿದೆ, ಅಷ್ಟೇ. ಕಂಪ್ಯೂಟರಿನಿಂದ ಹೊರಜಗತ್ತಿನ ತನಕ ನಾಲ್ಕು ಕೊಂಡಿಗಳಿವೆ. ಯಾವುದು ಕಳಚಿದರೂ ಜನ ‘ನೆಟ್ ಇಲ್ಲ’ ಅನ್ನುತ್ತಾರೆ. ಕೈಪಿಡಿ ಮಾತ್ರ ಹಾಗನ್ನಬಾರದು.

ಕಂಪ್ಯೂಟರ್ ರೌಟರನ್ನೇ ಹಿಡಿಯದಿದ್ದರೆ ‘ವೈಫೈಗೆ ಸೇರಿಲ್ಲ’ ಎನ್ನಿ. ಸಿಗ್ನಲ್ ಕಡ್ಡಿಗಳೆಲ್ಲ ತುಂಬಿವೆ, ಆದರೆ ಐಪಿಕಾನ್ಫಿಗ್ (ವಿಂಡೋಸ್‌ನಲ್ಲಿ ಕಂಪ್ಯೂಟರಿನ ವಿಳಾಸ ತೋರಿಸುವ ಆದೇಶ) ಕೊಟ್ಟಾಗ 169.254 ಎಂದು ಶುರುವಾಗುವ ಅಂಕಿ ಕಾಣುತ್ತಿದೆ ಅಂದರೆ ‘ವಿಳಾಸ ಸಿಕ್ಕಿಲ್ಲ’. ವಿಳಾಸ ಅಂದರೆ ಜಾಲದಲ್ಲಿ ಕಂಪ್ಯೂಟರನ್ನು ಗುರುತಿಸುವ ಐಪಿ ಅಂಕಿ. ಕಂಪ್ಯೂಟರ್ ಕೇಳಿದೆ, ಯಾರೂ ಕೊಟ್ಟಿಲ್ಲ, ತಾನೇ ಒಂದನ್ನು ಇಟ್ಟುಕೊಂಡಿದೆ. ವಿಳಾಸ ಸರಿಯಿದ್ದು, ರೌಟರಿಗೆ (ಡಿಫಾಲ್ಟ್ ಗೇಟ್‌ವೇ ಎಂಬ ಸಾಲಿನಲ್ಲಿರುವ ಅಂಕಿ, ಹೆಚ್ಚಾಗಿ 192.168.1.1 ಅಥವಾ 192.168.0.1) ಪಿಂಗ್ (‘ಇದ್ದೀಯಾ?’ ಎಂದು ಕೇಳಿ ಉತ್ತರಕ್ಕೆ ಕಾಯುವ ಪರೀಕ್ಷೆ) ಹೋಗಿ, ಹೊರಜಗತ್ತಿನಲ್ಲಿರುವ ಗೂಗಲ್‌ನ ವಿಳಾಸವಾದ 8.8.8.8ಕ್ಕೆ ಹೋಗದಿದ್ದರೆ ‘ಹೊರದಾರಿ ಇಲ್ಲ’. 8.8.8.8 ಉತ್ತರ ಕೊಟ್ಟು, ತಾಣದ ಹೆಸರು ಹಾಕಿದರೆ ಮಾತ್ರ ಕೈಕೊಟ್ಟರೆ ‘ಹೆಸರಿಗೆ ವಿಳಾಸ ಸಿಗುತ್ತಿಲ್ಲ’, ಅಂದರೆ ಡಿಎನ್‌ಎಸ್ (ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಏರ್ಪಾಡು) ತೊಂದರೆ. ಈ ನಾಲ್ಕು ಮಾತನ್ನು ಬೇರೆಬೇರೆ ಇಟ್ಟರೆ ಕೈಪಿಡಿಯ ಅರ್ಧ ಕೆಲಸ ಮುಗಿಯಿತು. ಇವಕ್ಕೂ ಮೊದಲು ಕೇಳಬೇಕಾದ್ದು: ತೊಂದರೆ ಒಂದು ಕಂಪ್ಯೂಟರಿನಲ್ಲೋ, ಎಲ್ಲದರಲ್ಲೋ?

‘ಗುತ್ತಿಗೆ’ ಎಂದರೆ ಕರಾರು, ದುಡ್ಡು, ಕೆಲಸ ಹಿಡಿದವನು ಕಣ್ಣಿಗೆ ಬರುತ್ತಾನೆ. ‘ಗೇಣಿ’ ಹೊಲಕ್ಕೆ ಅಂಟಿದೆ, ‘ಭೋಗ್ಯ’ ಮನೆಗೆ. ರೌಟರ್ ಮಾಡುವುದು ವಿಳಾಸವನ್ನು ಇಷ್ಟು ಹೊತ್ತಿಗೆಂದು ಕೊಟ್ಟು ವಾಪಸ್ಸು ಪಡೆಯುವ ಕೆಲಸ. ಅದಕ್ಕೆ ‘ಎರವಲು’ ಚೆನ್ನಾಗಿ ಕೂರುತ್ತದೆ. ಎರವಲು ಅವಧಿ 24 ಗಂಟೆಯಾದರೆ ಕಂಪ್ಯೂಟರ್ 12ನೇ ಗಂಟೆಗೇ ಮುಂದುವರಿಸಲು ಕೇಳುತ್ತದೆ. ಹಾಗಾಗಿ ಕರಡಿನಲ್ಲಿ ‘ಗುತ್ತಿಗೆ ಮುಗಿದು ಸಂಪರ್ಕ ಕಡಿತ’ ಎಂಬ ಸಾಲಿದ್ದರೆ ಪದವೂ ತಪ್ಪು, ವಿಷಯವೂ ತಪ್ಪು. ರೌಟರ್ ಚೆನ್ನಾಗಿರುವ ತನಕ ಎರವಲು ಸದ್ದಿಲ್ಲದೆ ಮುಂದುವರಿಯುತ್ತಿರುತ್ತದೆ.

‘ಐಪಿ ಸಂಘರ್ಷ’ವೂ ಬೇಡ. ಅಲ್ಲಿ ಯಾರೂ ಬಡಿದಾಡುವುದಿಲ್ಲ, ‘ಎರಡಕ್ಕೆ ಒಂದೇ ವಿಳಾಸ’ ಬಿದ್ದಿರುತ್ತದೆ, ಅಷ್ಟೆ. ಪ್ರಿಂಟರಿಗೆ ಯಾರೋ ಕೈಯಾರೆ 192.168.1.20 ಹಾಕಿರುತ್ತಾರೆ, ರೌಟರ್ ಅದನ್ನೇ ಲ್ಯಾಪ್‌ಟಾಪಿಗೂ ಕೊಡುತ್ತದೆ. ಒಮ್ಮೆ ಇದು ಓಡುತ್ತದೆ, ಒಮ್ಮೆ ಅದು. ರೌಟರಿನ ಹಂಚಿಕೆಯನ್ನು (ವಿಳಾಸದ ಕೊನೆಯ ಅಂಕಿ) 100ರಿಂದ 200ಕ್ಕೆ ಸೀಮಿತಗೊಳಿಸಿ, ಕೈಯಾರೆ ಹಾಕುವುದನ್ನೆಲ್ಲ 100ರ ಕೆಳಗೆ ಇಟ್ಟರೆ ಮುಗಿಯಿತು. ಇನ್ನೊಂದು ಬಗೆ ಇದಕ್ಕಿಂತ ತಲೆತಿನ್ನುವಂಥದ್ದು: ಸಿಗ್ನಲ್ ದೂರಕ್ಕೆ ಹೋಗಲೆಂದು ಹಳೆಯ ರೌಟರನ್ನು ಹೊಸದರ ಲ್ಯಾನ್ ಕಿಂಡಿಗೆ ಸಿಕ್ಕಿಸಿ, ಅದರ ಡಿಎಚ್‌ಸಿಪಿ (ವಿಳಾಸ ಹಂಚುವ ಏರ್ಪಾಡು) ಆರಿಸದೆ ಬಿಡುವುದು. ಆಗ ಮನೆಯಲ್ಲಿ ವಿಳಾಸ ಹಂಚುವವರು ಇಬ್ಬರು. ಹಳೆಯದರಿಂದ ವಿಳಾಸ ಪಡೆದ ಕಂಪ್ಯೂಟರ್ ಅದನ್ನೇ ಹೊರದಾರಿ ಎಂದು ನಂಬಿ ಅಲ್ಲೇ ನಿಲ್ಲುತ್ತದೆ, ಪಕ್ಕದ್ದು ಸರಾಗ ಓಡುತ್ತದೆ. ‘ಒಂದು ಮನೆಗೆ ಹಂಚುವವ ಒಬ್ಬನೇ’ ಎಂದು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಹಾಕಿ.

ಉತ್ತರ 2

ಮೇಲಿನದಕ್ಕೆ ಒಪ್ಪಿಗೆ. ‘ಹಸ್ತಕ್ಷೇಪ’ದ ಬಗ್ಗೆ ನಾಲ್ಕು ಮಾತು. ಯಾರೋ ಬೇಕೆಂದೇ ಕೈಹಾಕಿದರು ಎಂಬ ಧ್ವನಿ ಅದಕ್ಕಿದೆ. ವಿಜ್ಞಾನದ ಪುಸ್ತಕದ ‘ವ್ಯತಿಕರಣ’ವೂ ಇಲ್ಲಿ ಸಲ್ಲದು, ಅದು ಅಲೆಗಳು ಒಂದರ ಮೇಲೊಂದು ಕೂಡಿ ಏರಿಳಿಯುವುದು. ಇಲ್ಲಿ ಮೂರು ಸಂಗತಿ ಒಂದೇ ಹೆಸರಿನಡಿ ಸೇರಿಕೊಂಡಿವೆ, ಮೂರಕ್ಕೂ ಮದ್ದು ಬೇರೆ.

ಕಾಂಕ್ರೀಟ್ ಗೋಡೆ, ಕಬ್ಬಿಣದ ಬೀರು, ನೀರು ತುಂಬಿದ ತೊಟ್ಟಿ: ಇವು ‘ತಡೆ’. ರೌಟರನ್ನು ಎತ್ತರದಲ್ಲಿ, ಮನೆಯ ನಡುವಿಗೆ ತಂದಿಡಬೇಕು. ಮೈಕ್ರೋವೇವ್ ಒಲೆ 2.45 ಗಿಗಾಹರ್ಟ್ಸ್ ಸುಮಾರಿಗೆ ಸೋರಿಸುವುದು ‘ಗದ್ದಲ’. ಕಂಪ್ಯೂಟರನ್ನು 5 ಗಿಗಾಹರ್ಟ್ಸ್‌ಗೆ ಸೇರಿಸಿದರೆ ಅದು ತಾಕುವುದಿಲ್ಲ. ಪಕ್ಕದ ಮನೆಯ ರೌಟರ್ ಅದೇ ಚಾನೆಲ್‌ನಲ್ಲಿದ್ದರೆ (ಚಾನೆಲ್ ಅಂದರೆ ವೈಫೈ ಅಲೆಗಳಿಗೆ ಮೀಸಲಾದ ಓಣಿ) ಅದು ಗದ್ದಲವೂ ಅಲ್ಲ, ‘ಸರದಿ’. ವೈಫೈ ಸಾಧನಗಳು ಒಬ್ಬರ ಮಾತು ಮುಗಿಯುವ ತನಕ ಇನ್ನೊಬ್ಬರು ಕಾಯುತ್ತವೆ. ಸಿಗ್ನಲ್ ತುಂಬಿದ್ದೂ ನಿಧಾನವಾಗುವುದು ಅದಕ್ಕೇ. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ಗಳ ನಡುವೆ 5 ಮೆಗಾಹರ್ಟ್ಸ್ ಅಂತರ, ಒಂದೊಂದಕ್ಕೆ ಬೇಕಾದ ಅಗಲ 20. ಆದ್ದರಿಂದ 1, 6, 11 ಒಂದಕ್ಕೊಂದು ತಾಕದೆ ಇರುತ್ತವೆ. ನಡುವೆ ಜಾಗ ಖಾಲಿ ಕಾಣುತ್ತದೆಂದು 3 ಹಾಕಿದರೆ 1ಕ್ಕೂ 6ಕ್ಕೂ ತಾಗಿ, ಸರದಿ ಹೋಗಿ ಗದ್ದಲವಾಗುತ್ತದೆ. ಅದು ಇನ್ನೂ ಕೆಟ್ಟದ್ದು.

ಸಿಗ್ನಲ್‌ಗೆ ‘ಹೆಚ್ಚು-ಕಡಿಮೆ’ ಬಳಸಬೇಡಿ, ‘ಗಟ್ಟಿ-ಕ್ಷೀಣ’ ಬಳಸಿ. ಅಳತೆ ಮೈನಸ್‌ನಲ್ಲಿ ಬರುವುದರಿಂದ 80 ಕಂಡವರು ಅದೇ ಹೆಚ್ಚೆಂದು ತಿಳಿಯುತ್ತಾರೆ. -50 ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ) ಗಟ್ಟಿ, -67ರ ತನಕ ವಿಡಿಯೋ ಕರೆ ನಡೆಯುತ್ತದೆ, -80ಕ್ಕೆ ಕಳಚಿ ಕಳಚಿ ಸೇರುತ್ತದೆ. -60 ಹೋಗಿ -70 ಆದರೆ ತಲುಪುವ ಶಕ್ತಿ ಹತ್ತರಲ್ಲಿ ಒಂದು ಪಾಲಾಯಿತು.

‘ನಿಸ್ತಂತು’ ಪುಸ್ತಕದ ಹೆಸರಿಗೆ ಇರಲಿ, ಒಳಗೆ ‘ವೈಫೈ’ ಸಾಕು. ಬೆಳಕಿನ ಕೇಬಲ್ಲಿಗೂ ‘ದ್ಯುತಿತಂತು’ ಎಂಬ ಹೆಸರಿದೆ. ‘ನಿಸ್ತಂತು ರೌಟರಿಗೆ ದ್ಯುತಿತಂತು ಜೋಡಿಸಿ’ ಎಂದು ಓದಿದವರು ತಂತು ಬೇಕೋ ಬೇಡವೋ ಎಂದು ಕೇಳಿಯಾರು. ಮೊದಲ ಪರೀಕ್ಷೆಯಂತೂ ‘ವೈರ್ ಹಾಕಿ ನೋಡಿ’ ಎಂಬ ಮೂರೇ ಪದ: ರೌಟರಿಗೆ ಲ್ಯಾನ್ ಕೇಬಲ್ ಸಿಕ್ಕಿಸಿದಾಗ ಸರಿಹೋದರೆ ತೊಂದರೆ ಗಾಳಿಯಲ್ಲಿದೆ, ಹೋಗದಿದ್ದರೆ ಹೊರದಾರಿಯನ್ನೋ ವಿಳಾಸವನ್ನೋ ನೋಡಬೇಕು.