ಸ್ಕಾಪಾ ಫ್ಲೋ ನೋಡಲು ಹೊರಟವರಿಗೆ: ಫೆರಿ, ಗಾಳಿ, ಡೈವಿಂಗ್

ಪ್ರಶ್ನೆ: ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಿಗೆ ಜೂನ್‌ನಲ್ಲಿ ಒಂದು ವಾರ ಹೋಗುವ ಯೋಚನೆ ಇದೆ. ಎರಡೂ ಮಹಾಯುದ್ಧಗಳಲ್ಲಿ ಬ್ರಿಟಿಷ್ ನೌಕಾಪಡೆಯ ನೆಲೆಯಾಗಿದ್ದ, ಈ ದ್ವೀಪಗಳ ನಡುವಿನ ಕೊಲ್ಲಿ ಸ್ಕಾಪಾ ಫ್ಲೋ ನೋಡುವುದೇ ಉದ್ದೇಶ. ನನಗೆ ಡೈವಿಂಗ್ ಬರುತ್ತೆ, ಜೊತೆಗೆ ಬರುವ ಅಪ್ಪ-ಅಮ್ಮನಿಗೆ ಬರಲ್ಲ. ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ಮೊದಲು ಫೆರಿ ಗಟ್ಟಿ ಮಾಡಿಕೊಳ್ಳಿ, ರೂಮು ಆಮೇಲೆ. ಸ್ಕಾಟ್ಲೆಂಡಿನ ಉತ್ತರ ತೀರದ ಸ್ಕ್ರಾಬ್‌ಸ್ಟರ್‌ನಿಂದ ಆರ್ಕ್ನಿಯ ಸ್ಟ್ರಾಮ್‌ನೆಸ್‌ಗೆ ಒಂದೂವರೆ ಗಂಟೆ, ಗಿಲ್ಸ್ ಬೇಯಿಂದ ಸೇಂಟ್ ಮಾರ್ಗರೆಟ್ಸ್ ಹೋಪ್‌ಗೆ ಸುಮಾರು ಒಂದು ಗಂಟೆ. ಎರಡರಲ್ಲೂ ಕಾರು ಹೋಗುತ್ತೆ.

ಅಪ್ಪ-ಅಮ್ಮನಿಗೆ ಒಂದು ಇಡೀ ದಿನ ಹೋಯ್ ದ್ವೀಪದಲ್ಲಿರುವ ನೌಕಾಪಡೆಯ ಹಳೇ ನೆಲೆ ಲೈನೆಸ್‌ಗೇ ಮೀಸಲಿಡಿ. ಬಹಳ ಜನ ಎಡವುವುದು ಇಲ್ಲಿ: ಸ್ಟ್ರಾಮ್‌ನೆಸ್‌ನಿಂದ ಹೋಯ್‌ಗೆ ಹೊರಡುವ ದೋಣಿ ಕಂಡ ಕೂಡಲೇ ಹತ್ತಿಬಿಡುತ್ತಾರೆ. ಅದು ಜನರನ್ನು ಮಾತ್ರ ಸಾಗಿಸುವ ದೋಣಿ, ಇಳಿಸುವುದು ದ್ವೀಪದ ಉತ್ತರದ ಮೋನೆಸ್‌ನಲ್ಲಿ. ಅಲ್ಲಿಂದ ಲೈನೆಸ್ ಸುಮಾರು 16 ಕಿ.ಮೀ. ನೀವು ಹತ್ತಬೇಕಾದ್ದು ಹೌಟನ್‌ನಿಂದ ಹೊರಡುವ ಕಾರ್ ಫೆರಿ. ಚಿಕ್ಕದು, ಕಾರಿಗೆ ಜಾಗ ಕಡಿಮೆ, ಹಾಗಾಗಿ ಹೋಗಿಬರುವ ಎರಡೂ ಕಡೆಗೆ ಮೊದಲೇ ಬುಕ್ ಮಾಡಿ. ಕೆಲವು ಸಲ ಫ್ಲೋಟಾ ದ್ವೀಪ ಸುತ್ತಿಕೊಂಡು ಬರುತ್ತೆ, ವೇಳಾಪಟ್ಟಿಯಲ್ಲಿ ಅದನ್ನೂ ನೋಡಿಕೊಳ್ಳಿ.

ಲೈನೆಸ್‌ನ ಮ್ಯೂಸಿಯಂ ಇರುವುದು ಹಡಗುಗಳಿಗೆ ಎಣ್ಣೆ ಪಂಪ್ ಮಾಡುತ್ತಿದ್ದ ಹಳೇ ಪಂಪ್‌ಹೌಸ್‌ನಲ್ಲೇ, ಯಂತ್ರಗಳು ಈಗಲೂ ಅಲ್ಲೇ ಇವೆ. ನೌಕಾಪಡೆಯ ಸ್ಮಶಾನವೂ ಹತ್ತಿರ. ಬ್ರಿಟಿಷರ ಜೊತೆ ಜರ್ಮನ್ ನಾವಿಕರ ಸಮಾಧಿಗಳೂ ಅದೇ ಆವರಣದಲ್ಲಿವೆ. ಕೆಲವು ಕಲ್ಲುಗಳ ಮೇಲೆ ಹೆಸರಿಲ್ಲ, ಮಹಾಯುದ್ಧದ ಒಬ್ಬ ನಾವಿಕ ಎಂದಷ್ಟೇ ಇದೆ. ಮ್ಯೂಸಿಯಂ ಮುಗಿಸಿ ಆತುರದಲ್ಲಿ ಫೆರಿಗೆ ಓಡಬೇಡಿ, ಇಲ್ಲಿ ನಿಧಾನವಾಗಿ ನಡೆದಾಡಿ.

ಉತ್ತರ 2: ಮೇಲಿನವರು ಹೇಳಿದ ಗಿಲ್ಸ್ ಬೇ ದಾರಿಗೆ ಒಂದು ಸೇರ್ಪಡೆ. ಸೇಂಟ್ ಮಾರ್ಗರೆಟ್ಸ್ ಹೋಪ್‌ನಲ್ಲಿ ಇಳಿದರೆ ಆರ್ಕ್ನಿಯ ಮುಖ್ಯ ಪಟ್ಟಣ ಕರ್ಕ್‌ವಾಲ್ ತಲುಪಲು ನಾಲ್ಕೂ ಚರ್ಚಿಲ್ ತಡೆಗೋಡೆಗಳನ್ನು (ದ್ವೀಪಗಳ ನಡುವೆ ಸಮುದ್ರಕ್ಕೆ ಅಡ್ಡ ಕಟ್ಟಿದ, ಮೇಲೆ ರಸ್ತೆಯಿರುವ ಗೋಡೆಗಳು) ದಾಟಬೇಕು. ಪೂರ್ವದ ಗಾಳಿ ಜೋರಾಗಿದ್ದು ಭರತವೂ ಸೇರಿದರೆ ಅಲೆಗಳು ರಸ್ತೆ ಮೇಲೇ ಬೀಳುತ್ತವೆ. ಆಗ ರಸ್ತೆ ಮುಚ್ಚುತ್ತಾರೆ, ಅದರಲ್ಲೂ ಎರಡನೇ ಗೋಡೆ. ಜೂನ್‌ನಲ್ಲಿ ಇದು ಅಪರೂಪ, ಆದರೂ ಊರಿಗೆ ಮರಳುವ ದಿನ ಒಂದೆರಡು ಗಂಟೆ ಕೈಯಲ್ಲಿರಲಿ.

ಈ ಗೋಡೆಗಳು ಯಾಕೆ ಬಂದವು ಎಂದು ತಿಳಿದು ಹೋದರೆ ನೋಡುವ ಕಣ್ಣೇ ಬೇರೆಯಾಗುತ್ತೆ. 1939ರ ಅಕ್ಟೋಬರ್ 14ರ ನಡುರಾತ್ರಿ ಜರ್ಮನ್ ಜಲಾಂತರ್ಗಾಮಿ ಯು-47 ಕರ್ಕ್ ಸೌಂಡ್ ಎಂಬ ಕಾಲುವೆಯಲ್ಲಿ ದಾರಿ ತಡೆಯಲು ಅಡ್ಡವಾಗಿ ಮುಳುಗಿಸಿಟ್ಟ ಹಡಗುಗಳ ಸಂದಿಯಿಂದಲೇ ನುಗ್ಗಿ 'ರಾಯಲ್ ಓಕ್' ಯುದ್ಧನೌಕೆಯನ್ನು ಹೊಡೆಯಿತು. ಆಮೇಲೆ ಪೂರ್ವದ ಕಾಲುವೆಗಳನ್ನೆಲ್ಲ ಕಾಂಕ್ರೀಟ್ ದಿಮ್ಮಿಗಳಿಂದ ಮುಚ್ಚಿದರು. ಇಟಲಿಯ ಯುದ್ಧಕೈದಿಗಳೂ ಈ ಕೆಲಸದಲ್ಲಿದ್ದರು. ಅವರು ಎರಡು ನಿಸ್ಸೆನ್ ಗುಡಿಸಲುಗಳನ್ನು (ಕಮಾನಿನಂತೆ ಬಾಗಿದ ತಗಡಿನ ಶೆಡ್‌ಗಳು) ಜೋಡಿಸಿ ಕಟ್ಟಿಕೊಂಡ ಪ್ರಾರ್ಥನಾಮಂದಿರ ಲ್ಯಾಂಬ್ ಹೋಮ್ ಎಂಬ ಪುಟ್ಟ ದ್ವೀಪದಲ್ಲಿದೆ. ಒಳಗೆ ಇಟ್ಟಿಗೆ, ಕೆತ್ತನೆಕಲ್ಲಿನಂತೆ ಕಾಣುವುದೆಲ್ಲ ಬರೀ ಬಣ್ಣ, ಹತ್ತಿರ ಹೋಗಿ ನೋಡಿ. ಮೂರನೇ ಗೋಡೆಯ ಬಳಿ ಅಡ್ಡಹಡಗು 'ರೆಜಿನಾಲ್ಡ್' ದಡದಿಂದಲೇ ಕಾಣುತ್ತೆ. ಇಳಿತದ ಹೊತ್ತಿಗೆ ಹೋದರೆ ಚೆನ್ನ.

ಉತ್ತರ 3: ಡೈವಿಂಗ್ ಬಗ್ಗೆ. 1919ರ ಜೂನ್ 21ರಂದು ರಿಯರ್ ಅಡ್ಮಿರಲ್ ಲುಡ್‌ವಿಗ್ ಫಾನ್ ರಾಯ್ಟರ್ ಆಜ್ಞೆಯಂತೆ ಜರ್ಮನ್ನರು ಮೊದಲ ಮಹಾಯುದ್ಧ ನಿಂತ ಮೇಲೆ ಇಲ್ಲಿ ಬಂಧನದಲ್ಲಿಟ್ಟಿದ್ದ ತಮ್ಮ ಹಡಗುಗಳನ್ನು ತಾವೇ ಮುಳುಗಿಸಿದರು. ಬಂಧನದಲ್ಲಿದ್ದ 74ರಲ್ಲಿ 52 ಮುಳುಗಿದವು. ಹೆಚ್ಚಿನವನ್ನು ಆಮೇಲೆ ಗುಜರಿಗೆ ಎತ್ತಿದರು. ಈಗ ಜನ ಇಳಿಯುವುದು ಮುಖ್ಯವಾಗಿ ಏಳಕ್ಕೆ.

ಕೋನಿಗ್, ಮಾರ್ಕ್‌ಗ್ರಾಫ್, ಕ್ರೋನ್‌ಪ್ರಿನ್ಸ್ ವಿಲ್ಹೆಲ್ಮ್ ದೊಡ್ಡ ಯುದ್ಧನೌಕೆಗಳು, ತಳ 38ರಿಂದ 45 ಮೀಟರ್. ಫಿರಂಗಿಗಳ ಭಾರ ಮೇಲಿದ್ದುದರಿಂದ ಮುಳುಗುವಾಗ ಮಗುಚಿಕೊಂಡವು. ಹಾಗಾಗಿ ಮೊದಲು ಕಾಣುವುದು ಹಡಗಿನ ತಳ, ಫಿರಂಗಿ ನೋಡಲು ಕೆಳಗೆ ಮರಳಿನವರೆಗೆ ಇಳಿಯಬೇಕು. ಮೊದಲ ದಿನವೇ ಇವುಗಳಿಗೆ ಕೈಹಾಕಬೇಡಿ. ಕ್ರೂಸರ್‌ಗಳು ಪಕ್ಕಕ್ಕೆ ವಾಲಿ ಮಲಗಿವೆ, ಡೆಕ್ಕು ಗೋಡೆಯ ಹಾಗೆ ನೇರ ನಿಂತಿರುತ್ತೆ. ಡ್ರೆಸ್ಡನ್ ಅಥವಾ ಕೋಲ್ನ್‌ನಿಂದ ಶುರುಮಾಡಿ. ಕಾರ್ಲ್ಸ್‌ರೂಹ ಸುಮಾರು 25 ಮೀಟರಿನಲ್ಲೇ ಇದೆ. ಒಳಗೆ ನುಗ್ಗುವ ಆಸೆ ಮಾತ್ರ ಬೇಡ. ನೂರು ವರ್ಷ ದಾಟಿದ ಕಬ್ಬಿಣದ ಹಾಳೆಗಳು ಕುಸಿಯುತ್ತಿವೆ, ಒಂದು ಫಿನ್ ಬಡಿದರೆ ಹೂಳೆದ್ದು ಬಂದ ದಾರಿಯೇ ಕಾಣದಂತಾಗುತ್ತೆ.

ನೀರು ಜೂನ್‌ನಲ್ಲೂ 10 ಡಿಗ್ರಿ ಆಸುಪಾಸು, ಡ್ರೈಸೂಟ್ ಬೇಕೇ ಬೇಕು. ಡ್ರೈಸೂಟ್ ಇಲ್ಲಿ ಬಂದು ಕಲಿಯುವುದಲ್ಲ, ಕೈಕೂಡಿರಬೇಕು. ಎರಡನೇ ಗಾಳಿಯ ಮೂಲ, ಮೇಲೆ ಬರುವಾಗ ಬಿಡುವ ಮಾರ್ಕರ್ ಬಲೂನು, ಅದಕ್ಕೆ ತಕ್ಕಷ್ಟು ಉದ್ದದ ರೀಲು ಇಟ್ಟುಕೊಳ್ಳಿ. ಬರ್ರಾ ಸೌಂಡ್‌ನ ಅಡ್ಡಹಡಗುಗಳಿಗೆ ನೀರಿನ ಸೆಳೆತ ನಿಂತಾಗ ಮಾತ್ರ ಇಳಿಯಬಹುದು. ಆ ಹೊತ್ತು ಬಲು ಚಿಕ್ಕದು, ಕ್ಯಾಪ್ಟನ್ ಹೇಳಿದ ನಿಮಿಷಕ್ಕೆ ಸಿದ್ಧವಾಗಿರಿ. ಜರ್ಮನ್ ಹಡಗುಗಳು ಸಂರಕ್ಷಿತ ಸ್ಮಾರಕಗಳು, ಒಂದು ಮೊಳೆ ಎತ್ತಿಕೊಂಡರೂ ಅಪರಾಧ.

ಉತ್ತರ 4: 'ರಾಯಲ್ ಓಕ್' ಮತ್ತು 1917ರಲ್ಲಿ ಸ್ಫೋಟಗೊಂಡ 'ವ್ಯಾನ್‌ಗಾರ್ಡ್' ಯುದ್ಧಸಮಾಧಿಗಳು, ಅನುಮತಿಯಿಲ್ಲದೆ ಅಲ್ಲಿ ಇಳಿಯುವಂತಿಲ್ಲ. ಒಂದೊಂದರಲ್ಲೂ 800ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಈ ನಿಯಮ ತಪ್ಪಿಸಲು ಯಾರನ್ನೂ ಕೇಳಲೇಬೇಡಿ. ಕರ್ಕ್‌ವಾಲ್‌ನ ಸೇಂಟ್ ಮ್ಯಾಗ್ನಸ್ ಕೆಥೀಡ್ರಲ್‌ನಲ್ಲಿ 'ರಾಯಲ್ ಓಕ್' ಗಂಟೆಯೂ ಮಡಿದವರ ಹೆಸರಿನ ಪುಸ್ತಕವೂ ಇವೆ, ಮೂವರೂ ಜೊತೆಯಾಗಿ ಹೋಗಿ.

ಇನ್ನೊಂದು, ಮರಳುವಾಗ ಕರ್ಕ್‌ವಾಲ್‌ನಿಂದ ವಿಮಾನ ಹಿಡಿಯುವುದಾದರೆ ಕೊನೆಯ ಡೈವ್ ಮುಗಿದು 24 ಗಂಟೆ ಆಗಿರಲಿ. ಆದ್ದರಿಂದ ಡೈವಿಂಗ್ ದಿನಗಳನ್ನು ವಾರದ ಮೊದಲಲ್ಲಿಟ್ಟು, ಲೈನೆಸ್ ಕೊನೆಗೆ ಇಟ್ಟುಕೊಳ್ಳಿ.